ಹಾಲುಹಲ್ಲಿನ ಗುರುತು

ಒಂದು ಕೊರಳಿಗೆ ಒಂದ ಲಿಂಗ. ಇದು ತೊಟ್ಟಿಲಾಗಿನ ಕೂಸಿಗೂ ಗೊತ್ತಿದ್ದ ಮಾತು. ಹಂಗಿದ್ದೂ ಶರಣಬಸಮ್ಮನ ಕೊಳ್ಳಾಗ ಆ ವರ್ಷ ಎರಡು ಲಿಂಗ ಇದ್ದವು. ಆ ಎರಡನೇದರ ಸಲುವಾಗಿ ಆಕಿ ಜೀವ ಅಂಗೈಯಾಗ ಹಿಡಕೊಂಡು ಅಡ್ಡಾಡತಿದ್ದಳು.

ಕುಂತ್ರ ಅಂಜಿಕಿ, ನಿಂತ್ರ ಅಂಜಿಕಿ. ಬಗ್ಗಿ ಕಸಾ ಹೊಡೀಬೇಕಂದ್ರ ಲಿಂಗ ಇಡೂ ಎರಡು ಬೆಳ್ಳಿ ಕರಡಿಗಿ ಒಂದಕ್ಕೊಂದು ಬಡದು ಟಣ್ ಅಂದಾವು ಅಂತ ಅಂಜಿಕಿ. ಅದಕ್ಕ ಒಂದರ ಸುತ್ತ ಹಳೀ ಕುಪ್ಪಸದ ಚಿಂದಿ ಸುತ್ತಿ, ಎದಿ ಕೆಳಗ ಸಿಗಿಸಿಕೊಂಡಿದ್ದಳು. ಗಂಡ ಹಾದು ಹೋದ್ರ ಸೆರಗ ಎಳಕೊಳ್ಳಾಕಿ, ಮಗ ಹಾದು ಹೋದ್ರ ಗ್ವಾಡಿ ಕಡೆ ಮುಖಾ ಮಾಡಾಕಿ. ಕಳ್ಳನ ಮನಸ್ಸು ಹುಳ್ಳಹುಳ್ಳಗ ಅಂತಾರಲ್ಲ, ಹಂಗಾಗಿತ್ತು. ಖರೆ ನೋಡಿದ್ರ ಆಕಿ ಕದ್ದಿದ್ದು ಏನೂ ಇರಲಿಲ್ಲ. ತನ್ನ ಹೊಟ್ಯಾಗ ಹುಟ್ಟಿದ ಮಗಳ ಲಿಂಗಾನ ಮುಚ್ಚಿಟ್ಟಿದ್ದಳು, ಅಷ್ಟ.

ಅವರದು ಸನತ್‌ನಗರದ ಕ್ವಾರ್ಟರ್ಸು. ಎರಡು ಖೋಲಿ, ಒಂದು ಅಡಗಿಮನಿ, ಹಿಂದ ಬಚ್ಚಲ. ಆ ಮನಿ, ಮಗ ಶಾಂತಪ್ಪನ ಹೆಸರೀಲೆ ಸಿಕ್ಕಿದ್ದು. ಅಂವ ಅಲ್ಲೇ ಒಂದು ಕಾರ್ಖಾನ್ಯಾಗ ಫಿಟ್ಟರ್. ಗಂಡ ಸೂಗಪ್ಪ ಬೇಗಂ ಬಜಾರಿನ್ಯಾಗ ತೊಗರಿಬ್ಯಾಳಿ ಅಂಗಡ್ಯಾಗ ಕೆಲಸಕ್ಕಿದ್ದ. ಸೇಡಂ ಕಡೆ ಹುಟ್ಟಿದ ಮನಶ್ಯಾ, ಹೈದರಾಬಾದಿಗೆ ಬಂದು ತಲಿ ಬೆಳ್ಳಗಾದ್ರೂ ಮಾತು ಕಲೀಲಿಲ್ಲ. ಮಾತು ಕಡಿಮಿ, ಸಿಟ್ಟು ಹೆಚ್ಚು. ಅಂವ ಒಮ್ಮೆ ಕೆಮ್ಮಿದ್ರ ಮನಿ ಮನೀನ ಸುಮ್ಮನಾಗತಿತ್ತು. ಲಗ್ನಾದ ದಿನದಿಂದ ಆ ಕೆಮ್ಮಿಗೆ ಅಂಜಿ ಬದುಕಿದಾಕಿ ಶರಣಬಸಮ್ಮ.

ಮಗಳು ಮಹಾನಂದಾ. ಔಷಧ ಕಾರ್ಖಾನ್ಯಾಗ ಗುಳಿಗಿ ಡಬ್ಬಿಗೆ ತುಂಬೋ ಕೆಲಸ ಆಕೀದು. ಪಕ್ಕದಾಗ ಕುಂತು ಕೆಲಸಾ ಮಾಡಾಕಿ ಸಂತೋಷಮ್ಮ ಅಂತ ಒಬ್ಬ ತೆಲುಗು ಹೆಣಮಗಳು. ಐತವಾರ ಬಂತಂದ್ರ ಆ ಸಂತೋಷಮ್ಮನ ಖೋಲ್ಯಾಗ ನಾಕು ಮಂದಿ ಕೂಡಿ ಏಸುವಿನ ಹಾಡು ಹಾಡತಿದ್ರು, ಪ್ರಾರ್ಥನಾ ಮಾಡತಿದ್ರು. ಮಹಾನಂದಾ ಮೊದಲ ಹಾಡು ಕೇಳಾಕ ಹೋದಳು. ಆಮ್ಯಾಲ ಹಾಡು ಬಿಟ್ಟು ಮಾತು ಕೇಳಾಕ ಹತ್ತಿದಳು. ಯಾರೂ ಆಕಿಗೆ ಲಗ್ನದ ಆಸೆ ಹಚ್ಚಲಿಲ್ಲ, ಯಾರೂ ಏನೂ ಕೊಡಲಿಲ್ಲ. ಮುಂದ ಮಂದಿ ಹಂಗೆಲ್ಲಾ ಆಡಕೊಂಡ್ರು, ಮಂದಿ ಬಾಯಿಗೇನು, ಮುಚ್ಚಳ ಐತೇನು? ಆಕಿಗೆ ಆ ಮಾತು ಮನಸ್ಸಿಗೆ ಹತ್ತಿತ್ತು, ಬ್ಯಾರೆ ಏನಿಲ್ಲ.

ದಿಲ್ಲ್ಯಾಗ ಏಶಿಯಾಡ್ ಆಟ ನಡೆದ ವರ್ಷ ಅದು. ಶ್ರಾವಣ ಇನ್ನೂ ಹುಟ್ಟಿರಲಿಲ್ಲ. ಶರಣಬಸಮ್ಮ ರೊಟ್ಟಿ ಬಡಿಯಾಕತ್ತಿದ್ದಳು. ಮಹಾನಂದಾ ಬಂದು ಎದರಿಗೆ ಕುಂತಳು, ಕೊಳ್ಳಾಗಿನ ಶಿವದಾರ ತಗದು, ಕರಡಿಗಿ ಸಮೇತ ಅವ್ವನ ಹಿಟ್ಟಿನ ಕೈಯಾಗ ಇಟ್ಟಳು.

"ಅವ್ವಾ, ಬರೋ ಐತವಾರ ನಾ ಬಾಪ್ತಿಸ್ಮಾ ತಗೋತೀನಿ. ಇದನ್ನ ಕಟಗೊಂಡು ಹೋದ್ರ ಅಲ್ಲಿ ಸುಳ್ಳ ಹೇಳಿದಂಗ. ಬಿಸಾಕಾಕ ಕೈ ಬರವಲ್ದು. ನೀನ ಕಟ್ಟಿದ್ದಿ, ನಿನ್ನ ಕೈಯಾಗ ಕೊಟ್ಟೀನಿ."

ಹಂಚಿನ ಮ್ಯಾಲಿನ ರೊಟ್ಟಿ ಸುಟ್ಟು ಹೊಗಿ ಎದ್ರೂ ಶರಣಬಸಮ್ಮಗ ಖಬರಿಲ್ಲ.

"ನಿನಗ ಹುಚ್ಚ ಹಿಡದೈತೇನ? ನಂದಾ, ಲಿಂಗ ಅಂದ್ರ ಪ್ರಾಣ. ಪ್ರಾಣ ಬಿಚ್ಚಿ ಯಾರರೆ ಅವ್ವನ ಕೈಯಾಗ ಇಡತಾರೇನ? ನಿಮ್ಮಪ್ಪಗ ಗೊತ್ತಾದ್ರ ಕಡದ ಹಾಕತಾನ!"

"ಅದಕ್ಕ ನಿನಗ ಮೊದಲ ಹೇಳೀನಿ. ಅಪ್ಪಗೂ ನಾನ ಹೇಳತೀನಿ."

"ಹೇಳಬ್ಯಾಡ ನನ್ನವ್ವಾ, ಕಾಲ ಬೀಳತೀನಿ. ಏನರೆ ಮಾಡಕೋ, ಬಾಯಿ ಮಾತ್ರ ಬಿಡಬ್ಯಾಡ."

ಮಹಾನಂದಾ ಅವ್ವನ ಮುಖಾ ನೋಡಿ, "ಆತು, ಯಾರರೆ ಕೇಳೋತನಕ ಹೇಳಾಂಗಿಲ್ಲ. ಕೇಳಿದ್ರ ಮಾತ್ರ ಸುಳ್ಳ ಹೇಳಾಂಗಿಲ್ಲ," ಅಂದಳು.

ಲಿಂಗ ಅಂದ್ರ ಪ್ರಾಣ ಅನ್ನೋದು ಶರಣಬಸಮ್ಮಗ ಪುರಾಣದ ಮಾತಲ್ಲ. ಸಣ್ಣಾಕಿದ್ದಾಗ ಕಣ್ಣಾರೆ ಕಂಡದ್ದು. ಆಕಿ ಅಜ್ಜಿ ಲಿಂಗ ಒಮ್ಮೆ ನೀರ ಸೇದೂ ಹೊತ್ತಿನ್ಯಾಗ ಶಿವದಾರ ಹರದು ಬಾವ್ಯಾಗ ಬಿದ್ದಿತ್ತು. ಅದು ಸಿಗೋತನಕ ಆ ಮುದುಕಿ ಒಂದು ಗುಟುಕು ನೀರ ಕುಡೀಲಿಲ್ಲ, ಬಾವಿ ಕಟ್ಟಿ ಬಿಟ್ಟು ಏಳಲಿಲ್ಲ. "ಅದು ತಳದಾಗ, ನಾ ಮ್ಯಾಲ. ಹ್ಯಾಂಗ ಬದಕಲಿ?" ಅಂತ ಅಳತಿದ್ದಳು. ಆ ಅಳು ಶರಣಬಸಮ್ಮನ ಕಿವ್ಯಾಗ ಇನ್ನೂ ಇತ್ತು.

ಹಂಗಾಗಿ ಮಗಳ ಲಿಂಗ ಆಕಿ ಡಬ್ಬ್ಯಾಗ ಇಡಲಿಲ್ಲ, ಜಗಲಿ ಮ್ಯಾಲೂ ಇಡಲಿಲ್ಲ. ತನ್ನ ಕೊಳ್ಳಾಗ ಕಟಗೊಂಡಳು. ಯಾಕಂದ್ರ ಲಿಂಗ ಮೈ ಮ್ಯಾಲ ಇರಬೇಕು, ದಿನಾ ನೀರು, ವಿಭೂತಿ, ಪತ್ರಿ ಕಾಣಬೇಕು. ಮಗಳು ಮಾಡದಿದ್ರ ಹಡದಾಕಿ ಮಾಡಬೇಕು. ಶಾಸ್ತ್ರಕ್ಕ ಸರಿ ಹೌದೋ ಅಲ್ಲೋ, ಯಾರನ್ನ ಕೇಳೋದು? ಮುಂಜಾನೆ ಬಚ್ಚಲದ ಬಾಗಿಲಾ ಹಾಕ್ಕೊಂಡು ಎರಡನ್ನೂ ಎಡಗೈಯಾಗ ಇಟಗೊಂಡು ಲಗೂ ಲಗೂ ಪೂಜಿ ಮುಗಸತಿದ್ದಳು.

ಕಾಡಗಪ್ಪಿನ ಲೇಪ ಹಚ್ಚಿದ ಎರಡು ಲಿಂಗ, ಒಂದನ್ನೊಂದು ಹೋಲತಿದ್ದವು. ತನ್ನದು ಯಾವದು ಅಂತ ಶರಣಬಸಮ್ಮನ ಹೆಬ್ಬಟ್ಟಿಗೆ ಮಾತ್ರ ಗೊತ್ತಾಗತಿತ್ತು. ಆಕಿ ಲಿಂಗದ ಮ್ಯಾಲ ಒಂದು ಸಣ್ಣ ಕುಳಿ ಇತ್ತು. ಮಹಾನಂದಾ ಎಳೀ ಕೂಸಿದ್ದಾಗ ಒಂದಿನ ಪೂಜಿ ಹೊತ್ತಿನ್ಯಾಗ ತೊಡಿ ಮ್ಯಾಲ ಕುಂತಿದ್ದಳು. ಕಣ್ಣ ಮುಚ್ಚಿ ತಗೀಬೇಕಂದ್ರ ಅವ್ವನ ಅಂಗೈಯಾಗಿನ ಲಿಂಗ ಕಸಗೊಂಡು ಬಾಯಾಗ ಇಟಗೊಂಡು ಕಟ್ ಅಂತ ಕಡದಳು. ಆಗಷ್ಟ ಮೂಡಿದ್ದ ಹಾಲುಹಲ್ಲು ಆ ಲೇಪದಾಗ ಕುಂತುಬಿಟ್ಟಿತ್ತು. ಶರಣಬಸಮ್ಮ ಹೌಹಾರಿದ್ದಳು. ಎಂದೂ ನಗದ ಸೂಗಪ್ಪ ಮಾತ್ರ ಹೊಟ್ಟಿ ಹಿಡಕೊಂಡು ನಕ್ಕಿದ್ದ. "ನನ್ನ ಮಗಳು ಶಿವನ್ನ ನುಂಗಾಕ ಹೊಂಟಾಳ ನೋಡ!" ಅಂತ ಬಾಜೂಮನಿಯವರಿಗೂ ಕರದು ತೋರಿಸಿದ್ದ. ಮುಂದ ಮನಿ ಗುರು ಅಯ್ಯನೋರು ಹೊಸಾ ಲೇಪ ಹಚ್ಚಿ ಕೊಡತೀನಿ ಅಂದ್ರೂ ಶರಣಬಸಮ್ಮ ಒಲ್ಲೆ ಅಂದಿದ್ದಳು.

ಶ್ರಾವಣ ಸೋಮವಾರ ಬಂತು. ಶಾಂತಪ್ಪನ ಲಗ್ನದ ಮಾತು ನಡದಿತ್ತು. ಹೆಣ್ಣಿನ ಸೋದರಮಾವ ಮಲ್ಲಣ್ಣ ಅನ್ನಾವ ಬೀದರ ಕಡಿಂದ ಮನಿ ನೋಡಾಕ ಬಂದಿದ್ದ. ಅವತ್ತ ಮನ್ಯಾಗ ಅಯ್ಯನೋರ ಪಾದಪೂಜಿ ಇಟಗೊಂಡಿದ್ರು. ಅಯ್ಯನೋರು ಬಂದ ಮ್ಯಾಲ ಮನಿ ಮಂದಿ ಎಲ್ಲಾ ಸಾಲು ಹಿಡದು ಕುಂತು, ಲಿಂಗ ಅಂಗೈಯಾಗ ತಗೊಂಡು ಪೂಜಿ ಮಾಡಿ, ಆಮ್ಯಾಲ ಪ್ರಸಾದ. ಇದು ಶರಣಬಸಮ್ಮಗ ನೆನಪಿಲ್ಲಂತಲ್ಲ. ನೆನಪಿದ್ದದ್ದಕ್ಕ ಹಿಂದಿನ ದಿನದಿಂದ ಆಕಿ ಮಗಳು ಒಬ್ಬಾಕಿನ ಸಿಗತಾಳೇನು ಅಂತ ಕಾಯತಿದ್ದಳು.

ಮಗಳನ್ನ ಅಡಗಿಮನಿಗೆ ಎಳಕೊಂಡು ಹೋದಳು. ಚಿಂದಿ ಬಿಚ್ಚಿ ಕರಡಿಗಿ ಮುಂದ ಹಿಡದಳು.

"ನಂದಾ, ಒಂದ ತಾಸು ಹಾಕ್ಕೋ. ಬರೇ ಒಂದ ತಾಸು. ಅವರು ಹೋಗತಾರ, ತಗದು ಕೊಟ್ಟಬಿಡು. ನಿನ್ನ ಏಸುಗ ನಾನ ಹೇಳತೀನಿ, ನನ್ನ ತಪ್ಪ ಅಂತ."

ಮಹಾನಂದಾಗ ನಗಿನೂ ಬಂತು, ಅಳುನೂ ಬಂತು. "ಒಂದ ತಾಸಿನ ಸಲುವಾಗಿ ಹಾಕ್ಕೊಂಡ್ರ ನಿನ್ನ ಶಿವಗೂ ಮೋಸ, ನನ್ನ ಏಸುಗೂ ಮೋಸ ಅವ್ವಾ. ನಾ ಸಾಲಿನ್ಯಾಗ ಕುಂಡ್ರಾಂಗಿಲ್ಲ, ಇಲ್ಲೇ ಇರತೀನಿ. ಯಾರೂ ಕೇಳದಿದ್ರ ಸುಮ್ಮನಿರತೀನಿ."

ಆದ್ರ ಸೂಗಪ್ಪ ಹೊರಗಿಂದ ಕೂಗಿದ. "ನಂದಾ ಎಲ್ಲಿ? ಬಾ, ಸಾಲಿಗೆ ಕುಂಡ್ರ."

ಬಂದು ಕುಂತಳು. ಎಲ್ಲಾರ ಅಂಗೈಯಾಗ ಲಿಂಗ ಬಂತು. ಮಹಾನಂದಾನ ಅಂಗೈ ಖಾಲಿ. ಶರಣಬಸಮ್ಮ ಕಣ್ಣ ಗಟ್ಟಿ ಮುಚ್ಚಿಕೊಂಡಳು; ತಾ ಕಣ್ಣ ಮುಚ್ಚಿಕೊಂಡ್ರ ಯಾರಿಗೂ ಕಾಣಾಂಗಿಲ್ಲ ಅನ್ನೂ ಹಂಗ. ಸೂಗಪ್ಪ ಕೆಮ್ಮಿದ.

"ನಿಂದೆಲ್ಲೈತಿ?"

"ಬಿಟ್ಟೀನಿ ಅಪ್ಪಾ. ನಾ ಏಸುವಿನ ಮ್ಯಾಲ ವಿಶ್ವಾಸ ಇಟ್ಟು ಬಾಪ್ತಿಸ್ಮಾ ತಗೊಂಡೀನಿ. ನೀವು ಕೇಳಿದ್ರಿ, ನಾ ಸುಳ್ಳ ಹೇಳಲಿಲ್ಲ."

ಗ್ವಾಡಿಗೆ ಹಚ್ಚಿದ ಫ್ಯಾನು ಕಿರ್ ಕಿರ್ ಅಂತ ತಿರಗತಿತ್ತು. ಸೂಗಪ್ಪ ತನ್ನ ಲಿಂಗ ಹಣಿಗೆ ಮುಟ್ಟಿಸಿ, ಕರಡಿಗ್ಯಾಗ ಇಟ್ಟು, ಮುಚ್ಚಳ ಹಾಕಿ, ತಲಿ ಎತ್ತದ ಒಂದ ಮಾತು ಅಂದ: "ಈಕಿ ಇವತ್ತಿಗೆ ಸತ್ತಳು."

ಶಾಂತಪ್ಪಗ ಅಷ್ಟ ಬೇಕಾಗಿತ್ತು. ತಂಗಿ ರಟ್ಟಿ ಹಿಡದು ದರದರ ಎಳದು ಹೊಸ್ತಲಾ ದಾಟಿಸಿದ. ಆಕಿ ಚಪ್ಪಲಿ ಆಕಿ ಮ್ಯಾಲ ಒಗದ. ಶರಣಬಸಮ್ಮ ಎದ್ದು ಬರೋದ್ರಾಗ ಮಗಳು ಹೊರಗಿದ್ದಳು. ಬಾಗಿಲಾ ಹಾಕೂ ಮುಂದ ಮಹಾನಂದಾ ಅವ್ವನ ಕಡೆ ನೋಡಿದ್ದೊಂದ ಆಕಿಗೆ ಕಂಡದ್ದು.

ಮಲ್ಲಣ್ಣ ಮೀಸಿ ತೀಡಿಕೋತ ಅಂದ, "ಶಾಂತಪ್ಪಾ, ಹಿಂಗಂದ್ರ ನಾವು ಹೆಣ್ಣ ಹ್ಯಾಂಗ ಕೊಡೋದು ಹೇಳ? ಸತ್ತಾಳ ಅಂತ ಬಾಯೀಲೆ ಅಂದ್ರ ಮಂದಿ ನಂಬತಾರೇನ?"

"ಸತ್ತಾಕಿಗೆ ಮಣ್ಣೂ ಕೊಡತೀವಿ," ಅಂದ ಶಾಂತಪ್ಪ. ಮುಖಾ ಕೆಂಪಗಾಗಿತ್ತು. "ಅಮಾಸಿ ದಿನಾ ಆಕಿ ಲಿಂಗ ನಮ್ಮ ರುದ್ರಭೂಮ್ಯಾಗ ಹುಗದು ಜಳಕಾ ಮಾಡಿ ಬರತೀವಿ. ಆಮ್ಯಾಲ ಆಕಿ ಯಾರೋ, ನಾವು ಯಾರೋ."

ಅಯ್ಯನೋರು ಜೋಳಿಗಿ ಹೆಗಲಿಗೆ ಹಾಕ್ಕೊಂಡ್ರು. "ಹಂಗ ಯಾವ ಶಾಸ್ತ್ರದಾಗೂ ಇಲ್ಲಪಾ. ಜೀವಂತ ಇದ್ದವರ ಲಿಂಗ ಹುಗ್ಯಾಕ ನಾ ಅಂತೂ ಬರಾಂಗಿಲ್ಲ," ಅಂತ ಪ್ರಸಾದಾನೂ ತಗೋಳದ ಹೋದ್ರು.

"ಬರದಿದ್ರ ಬಿಡ್ರಿ," ಅಂತ ಶಾಂತಪ್ಪ ಅವರ ಬೆನ್ನಿಗೆ ಅಂದ. ಆಮ್ಯಾಲ ಅವ್ವನ ಕಡೆ ತಿರಗಿದ. "ಲಿಂಗ ಎಲ್ಲೈತಿ?"

ಸುಳ್ಳ ಹೇಳಬೇಕಂದ್ರೂ ಶರಣಬಸಮ್ಮಗ ಬಾಯಿ ಬರಲಿಲ್ಲ. "ನನ್ನ ಕಡೆ ಐತಿ."

"ಅಮಾಸಿ ತನಕ ಜ್ವಾಕಿ. ಇನ್ನೊಂದ ಮಾತು ಕೇಳ್ರಿ ಇಬ್ಬರೂ. ಈ ಮನಿ ನನ್ನ ಹೆಸರೀಲೆ ಐತಿ. ಆಕಿ ಹೆಸರ ಎತ್ತಿದವರು, ಆಕಿ ಸಾಮಾನ ಇಟಗೊಂಡವರು ಯಾರೇ ಇರ್ಲಿ, ಆಕಿ ಹಿಂದ ನಡೀಬೇಕು. ಅಪ್ಪಾ, ನಿಮಗೂ ಸೇರಿಸಿ ಹೇಳೀನಿ."

ಸೂಗಪ್ಪ ನೆಲಾ ನೋಡಕೋತ ಕುಂತಿದ್ದ. ಕೆಮ್ಮಲಿಲ್ಲ. ಗಂಡಗೂ ಒಪ್ಪಿಗಿ ಐತಿ ಅಂತ ಶರಣಬಸಮ್ಮ ತಿಳಕೊಂಡಳು.

ಅವತ್ತಿಂದ ಅಮಾಸಿ ಅನ್ನೋ ಮಾತು ಆಕಿ ಎದಿ ಮ್ಯಾಲ ಬೀಸೂ ಕಲ್ಲಾಗಿ ಕುಂತಿತು. ಅಜ್ಜಿ ಲಿಂಗ ಬಾವ್ಯಾಗ ಬಿದ್ದಾಗ ಅಜ್ಜಿ ಸಾಯಾಕ ಹೊಂಟಿದ್ದಳು. ಇಲ್ಲಿ ಮಗಳ ಲಿಂಗ ಮಣ್ಣಾಗ ಹೋದ್ರ? ಮಗಳು ಬ್ಯಾರೆ ದೇವರ ನಂಬಿರಬಹುದು. ಪ್ರಾಣಕ್ಕ ಅದು ತಿಳೀತೈತೇನು? ಹುಟ್ಟಿದಾಗ ಕಟ್ಟಿದ್ದು ಅದು. ಹುಗದ ದಿನಾನ ಆಕಿಗೆ ಬಸ್ ಹಾಯತೈತಿ, ಇಲ್ಲಾ ಜ್ವರಾ ಬರತೈತಿ, ಇಲ್ಲಾ ಮಲಗಿದಾಕಿ ಏಳಾಂಗಿಲ್ಲ. ಶರಣಬಸಮ್ಮಗ ಕಣ್ಣ ಮುಚ್ಚಿದ್ರ ಮಗಳು ಕುಣ್ಯಾಗ ಕುಂತಂಗ ಕಾಣತಿತ್ತು. ಸತ್ತವರನ್ನ ಕುಂಡ್ರಿಸಿ, ಅಂಗೈಯಾಗ ಲಿಂಗ ಕೊಟ್ಟು ಹುಗೀತಾರಲ್ಲ, ಹಂಗ. ಹೌಹಾರಿ ಏಳತಿದ್ದಳು, ಎರಡೂ ಕರಡಿಗಿ ಮುಟ್ಟಿ ನೋಡಕೋತಿದ್ದಳು. ಯಾರಿಗರೆ ಹೇಳಕೋಬೇಕಂದ್ರ ಯಾರ ಅದಾರ? ಗಂಡನ ಮುಖಾ ನೋಡಿದ್ರ ಎದ್ದು ಅಡಗಿಮನಿಗೆ ಹೋಗತಿದ್ದಳು.

ಕಳದು ಹೋತು ಅಂದ್ರ ಹ್ಯಾಂಗ? ಶಾಂತಪ್ಪ ಮನಿ ತಳಾ ಮ್ಯಾಲ ಮಾಡಿ ಹುಡಕತಾನ. ಕಲ್ಲು ಇಟ್ಟು ಕೊಟ್ರ? ಮುಚ್ಚಳ ತಗದು ನೋಡಾವನ ಅಂವ. ಕರಡಿಗ್ಯಾಗ ಲಿಂಗ ಇರಬೇಕು. ಇರಬೇಕಾದ್ದು ಲಿಂಗ. ಯಾರದು ಅಂತ ಯಾರ ಕೇಳತಾರ?

ಈ ವಿಚಾರ ಬಂದಾಗ ಆಕಿ ನೆಲಾ ಒರಸಾಕತ್ತಿದ್ದಳು. ಕೈಯಾಗಿನ ಅರಬಿ ಹಂಗ ನಿಂತಿತು. ಅಷ್ಟ ದಿನದ ಅಂಜಿಕಿ ಒಂದ ಕಡೆ, ಈಗ ಬಂದ ಅಂಜಿಕಿ ಒಂದ ಕಡೆ. ಆದ್ರೂ ಮನಸ್ಸು ಅಲ್ಲಿಂದ ಕದಲಲಿಲ್ಲ.

ಅಮಾಸಿ ಮುಂಜಾನೆ ಸೂಗಪ್ಪ ಜಳಕಕ್ಕ ಹೋದ. ಶಾಂತಪ್ಪ ಸಲಕಿ ತರಾಕ ಹೋದ. ಶರಣಬಸಮ್ಮ ಅಡಗಿಮನಿ ಮೂಲ್ಯಾಗ ಬೆನ್ನ ಹಾಕಿ ಕುಂತು ಎರಡೂ ಕರಡಿಗಿ ಬಿಚ್ಚಿದಳು. ಮಗಳ ಲಿಂಗ ತಗದು ತನ್ನ ನೆಗ್ಗಿದ ಹಳೀ ಕರಡಿಗ್ಯಾಗ ಇಟ್ಟಳು. ತನ್ನದು ಎಡಗೈಯಾಗ ಹಿಡದಳು. ಹೆಬ್ಬಟ್ಟು ತಾನಾಗಿ ಹೋಗಿ ಆ ಕುಳ್ಯಾಗ ಕುಂತಿತು.

"ಶಿವನೇ, ಹೋಗಿ ಬಾ ಅನ್ನಾಕೂ ಬಾಯಿಲ್ಲ ನನಗ," ಅಂದಳು. "ಆಕಿ ಬದಕಬೇಕು, ಅಷ್ಟ. ನೀ ಸಿಟ್ಟಿಗೇಳೂದಿದ್ರ ನನ್ನ ಮ್ಯಾಲ ಏಳು."

"ಅಕ್ಕಾ! ನಲ್ಲಾದಾಗ ನೀರು ಬಂತು ನೋಡ್ರಿ!" ಅಂತ ಹಿಂದಿನ ಮನಿ ಗೋದಾಬಾಯಿ ಕಿಡಕ್ಯಾಗಿಂದ ಒದರಿದಳು. ಶರಣಬಸಮ್ಮನ ಕೈಯಿಂದ ಲಿಂಗ ಜಾರಿ ಉಡ್ಯಾಗ ಬಿತ್ತು. "ಬಂದೆ... ಬಂದೆ ತಡಿ," ಅಂದಳು. ಕುಳಿ ಕಾಣಬಾರದು ಅಂತ ವಿಭೂತಿ ತಿಕ್ಕಿ ತಿಕ್ಕಿ ಮುಚ್ಚಿದಳು. ಮಗಳ ಹೊಸಾ ಕರಡಿಗ್ಯಾಗ ಇಟ್ಟು ಮುಚ್ಚಳಾ ಒತ್ತಿದಳು.

ಸೂಗಪ್ಪ ಒದ್ದಿ ಧೋತರದಾಗ ಬಂದು ಕೈ ಚಾಚಿದ. ಕೊಟ್ಟಳು. ಅಂವ ಕರಡಿಗಿ ತಗೊಂಡು ಆಕಿ ಮುಖಾ ಒಂದ ಗಳಿಗಿ ನೋಡಿದ. ಗೊತ್ತಾತೇನೋ ಅಂತ ಆಕಿಗೆ ಬೆವರ ಕಿತ್ತು ಬಂತು. ಅಪ್ಪ ಮಗ ಹೋದ್ರು. ಹೊತ್ತ ಏರಿದ ಮ್ಯಾಲ ಬಂದ್ರು. ಶಾಂತಪ್ಪ ತಲಿ ಮ್ಯಾಲ ನೀರ ಸುರಕೊಂಡು, "ಮುಗೀತವ್ವಾ. ಅಡಗಿ ಮಾಡು," ಅಂದ.

ಅಲ್ಲಿಂದ ಶರಣಬಸಮ್ಮ ಸಾಯಾಕ ಕಾಯಕೋತ ಕುಂತಳು. ನಗಬ್ಯಾಡ್ರಿ, ಖರೇನ ಕಾದಳು. ತನ್ನ ಲಿಂಗ ಮಣ್ಣಾಗ ಹೋಗೈತಿ, ಇನ್ನ ತಾ ಎಷ್ಟ ದಿನಾ? ಒಂದು ಸೀರಿ ಒಗದು ಮಡಚಿ ಮ್ಯಾಲ ಇಟ್ಟಳು. ತುತ್ತು ಎತ್ತೂ ಮುಂದ ಲಿಂಗಕ್ಕ ತೋರಿಸಿ ಉಣ್ಣಾಕಿ, ಈಗ ಯಾವ ಲಿಂಗಕ್ಕ ತೋರಸೋದು? ಕೊಳ್ಳಾಗಿದ್ದದ್ದು ಮಗಳದು. ಪೂಜಿ ಆಕಿದಕ್ಕ ಮಾಡತಿದ್ದಳು, ಊಟ ಅರ್ಧಾ ಬಿಡತಿದ್ದಳು. ಎದಿ ಢವ್ ಅಂದ್ರ ಬಂತು ಅಂತಿದ್ದಳು. ಕಾಲಾಗ ಸೆಳವು ಬಂದ್ರ ಬಂತು ಅಂತಿದ್ದಳು. ಸಾವಿಗೆ ಅಂಜಿದ್ದಳೇನು? ಭಾಳ ಅಂಜಿದ್ದಳು. ಲಿಂಗ ಇಲ್ಲದ ಸತ್ರ ತನ್ನ ಕೈಯಾಗ ಏನ ಕೊಟ್ಟು ಹುಗೀತಾರ, ತಾ ಯಾವ ದಾರಿ ಹಿಡದು ಎಲ್ಲಿ ಹೋಗೋದು, ಅದು ಆಕಿಗೆ ತಿಳೀವಲ್ದಾಗಿತ್ತು.

ಬೇಸ್ತವಾರಕ್ಕೊಮ್ಮೆ ಕಾಯಿಪಲ್ಯಾ ತರಾಕ ಹೋಗತೀನಿ ಅಂತ ಹೇಳಿ ಬಸ್ ಸ್ಟಾಪಿಗೆ ಹೋಗತಿದ್ದಳು. ಸಂತೋಷಮ್ಮನ ಖೋಲ್ಯಾಗ ಇರತಿದ್ದ ಮಹಾನಂದಾ ಶಿಫ್ಟ್ ಬಿಟ್ಟು ಅಲ್ಲಿಗೆ ಬರತಿದ್ದಳು. ಇಬ್ಬರೂ ಪರಿಚಯ ಇಲ್ಲದವರಂಗ ಬಾಜೂ ಬಾಜೂ ನಿಂದ್ರತಿದ್ರು.

"ಮೈಯಾಗ ಆರಾಮ ಐತಿಲ್ಲ? ಜ್ವರಾ ಗಿರಾ?" ಅಂತ ಕೇಳಾಕಿ ಶರಣಬಸಮ್ಮ, ರಸ್ತಾ ನೋಡಕೋತ.

"ನನಗೇನಾಗೈತಿ? ನೀ ಯಾಕ ಹಿಂಗ ಇಳದಿ ಅವ್ವಾ? ನಾ ದಿನಾ ನಿನ್ನ ಸಲುವಾಗಿ ಪ್ರಾರ್ಥನಾ ಮಾಡಾಕತ್ತೀನಿ."

"ಮಾಡವ್ವಾ, ಮಾಡು. ನಾ ನಿಂದು ಮಾಡತೀನಿ, ನೀ ನಂದು ಮಾಡು. ಯಾವದರೆ ಒಂದು ಮುಟ್ಟಲಿ."

ಮಗಳಿಗೆ ಆ ಮಾತು ತಿಳೀಲಿಲ್ಲ. ಬಸ್ ಬಂತು, ಹತ್ತಿ ಹೋದಳು. ಆಕಿ ಚಟಪಟ ನಡದು ಬಸ್ ಹತ್ತಿದ್ದು ನೋಡಿ ಶರಣಬಸಮ್ಮಗ ಅವತ್ತೊಂದ ದಿನಾ ಎರಡು ರೊಟ್ಟಿ ಸೇರಿದವು. ಆಕಿ ಬದಕ್ಯಾಳ ಅಂದ್ರ ಲಿಂಗ ಅದಲಬದಲ ಮಾಡಿದ್ದು ಸರಿ ಕುಂತೈತಿ. ಇನ್ನ ತನ್ನ ಪಾಳಿ.

ಆದ್ರ ಮನ್ಯಾಗ ಸೂಗಪ್ಪನ ರೀತಿನ ಬ್ಯಾರೆ ಆಗಿತ್ತು. ಮೊದಲ ಎಲ್ಲಾರ ಮುಂದ ಪೂಜಿಗೆ ಕುಂಡ್ರಾವ, ಈಗ ಯಾರೂ ಏಳೂ ಮೊದಲ ಎದ್ದು ಜಗಲಿ ಮುಂದ ಪರದೆ ಎಳಕೊಂಡು ಕುಂಡ್ರತಿದ್ದ. ತಂದಿಟ್ಟ ಪತ್ರಿ ಮೊದಲಿಗಿಂತ ಲಗೂ ತೀರತಿತ್ತು, ವಿಭೂತಿ ಗಟ್ಟಿ ಕರಗತಿತ್ತು. ಆಕಿ ಹಾದು ಹೋದ್ರ ಮಾತು ನುಂಗತಿದ್ದ. ಗೊತ್ತಾಗೈತಿ ಅಂತ ಶರಣಬಸಮ್ಮ ನಡಗಿದಳು. ಗೊತ್ತಾಗೈತಿ, ತಡದಾನ. ಇವತ್ತ ಕೇಳತಾನ, ನಾಳೆ ಕೇಳತಾನ. ಮತ್ತ ಅದನ್ನ ಅಗದು, ಮಗಳದು ಹುಗೀತಾನ. ಸಾವು ತಡಾ ಮಾಡಿದ್ರೂ ಚಿಂತಿಲ್ಲ, ಗಂಡ ಆ ಕೆಲಸಾ ಮಾಡಬಾರದು ಅಂತ ಆಕಿ ಕಣ್ಣಾಗ ಎಣ್ಣಿ ಹಾಕ್ಕೊಂಡು ಕಾಯಾಕ ಹತ್ತಿದಳು.

ಒಂದಿನ ಬೆಳಕ ಹರಿಯೂ ಮೊದಲ ಎಚ್ಚರಾತು. ಗಂಡನ ಹಾಸಿಗಿ ಖಾಲಿ. ಜಗಲಿ ಪರದೆ ಹಿಂದ ದೀಪ ಇತ್ತು. ಇವತ್ತ ಏನಾದರೂ ಆಗಲಿ ಅಂತ ಶಿವನ್ನ ನೆನಸಿ, ಪರದೆ ಅಂಚು ಸ್ವಲ್ಪ ಸರಿಸಿದಳು.

ಸೂಗಪ್ಪನ ಲಿಂಗ ತಟ್ಟ್ಯಾಗ ಇತ್ತು, ಪೂಜಿ ಆಗಿ, ಪತ್ರಿ ಏರಿಸಿಕೊಂಡು. ಅಂವನ ಎಡಗೈಯಾಗ ಇನ್ನೊಂದು ಲಿಂಗ ಇತ್ತು. ಅದಕ್ಕ ನೀರ ಎರದು, ಹೆಬ್ಬಟ್ಟೀಲೆ ಮೆಲ್ಲಕ ಒರಸತಿದ್ದ. ಹೆಬ್ಬಟ್ಟು ಒಂದ ಕಡೆ ಹೋಗಿ ನಿಲ್ಲತಿತ್ತು, ಮತ್ತ ಒರಸತಿದ್ದ, ಮತ್ತ ಅಲ್ಲೇ ನಿಲ್ಲತಿತ್ತು. ದೀಪದ ಬೆಳಕಿಗೆ ಆ ಕುಳಿ ಶರಣಬಸಮ್ಮಗ ಸ್ವಚ್ಛ ಕಾಣತಿತ್ತು.

ಆಕಿ ಬಾಯಿಂದ ಸಪ್ಪಳ ಆತೋ ಏನೋ, ಸೂಗಪ್ಪ ತಿರಗಿದ. ಹೌಹಾರಿ ಮುಷ್ಟಿ ಮುಚ್ಚಿದ. ಅಷ್ಟ ವರ್ಷದ ಸಂಸಾರದಾಗ ಗಂಡನ ಕಣ್ಣಾಗ ಅಂಜಿಕಿ ಆಕಿ ಅವತ್ತ ಮೊದಲ ಕಂಡಳು.

"ಬಾಗಿಲಾ ಮುಂದ ಮಾಡು," ಅಂದ ಮೆಲ್ಲಕ. ಮಾಡಿ ಬಂದು ಕುಂತಳು.

"ಹುಗ್ಯಾಕಂತನ ಹೋಗಿದ್ದೆ," ಅಂದ ಸೂಗಪ್ಪ. "ಶಾಂತಗ ಆ ಕಡೆ ತಿರಗಿ ನಿಂದ್ರು, ನಾ ಇಡತೀನಿ ಅಂದೆ. ಕಡೀ ಸಲ ನೋಡೂಣ ಅಂತ ಮುಚ್ಚಳಾ ತಗದೆ. ವಿಭೂತಿ ಭಾಳ ಮೆತ್ತಿತ್ತು, ಒರಸಿದೆ. ನಂದಾನ ಹಲ್ಲು ಸಿಕ್ಕಿತು ಕೈಗೆ."

ಶರಣಬಸಮ್ಮ ಸೆರಗಿನ್ಯಾಗ ಮುಖಾ ಮುಚ್ಚಿಕೊಂಡಳು.

"ಏನ ಮಾಡಾಕ ಹೊಂಟಿದ್ದೀ ನೀ? ಜೀವಂತ ಹೇಣ್ತಿನ ನನ್ನ ಕೈಲೆ ಹುಗಿಸಾಕ ಹೊಂಟಿದ್ದೀ ಏನ?"

"ಮತ್ತ ಮಗಳನ್ನ ಹುಗೀಲಿ ಅಂತಿದ್ದಿರೇನ್ರಿ?"

ಇಷ್ಟ ವರ್ಷದಾಗ ಆಕಿ ಗಂಡಗ ಎದರ ಮಾತಾಡಿದ್ದು ಅದ ಮೊದಲು. ಸೂಗಪ್ಪ ಕೆಮ್ಮಲಿಲ್ಲ. ಧೋತರದ ಚುಂಗೀಲೆ ಕಣ್ಣ ಒತ್ತಿಕೊಂಡ.

"ಬರೇ ಕರಡಿಗಿ ಹುಗದು ಬಂದೆ. ನಿನಗ ಕೊಡಬೇಕಂತ ದಿನಾ ಅನಕೋತಿದ್ದೆ. ಕೊಟ್ರ, ಇಬ್ಬರದೂ ಬಾಯಿ ಒಡದು ಶಾಂತಗ ಗೊತ್ತಾದೀತು ಅಂತ ಅಂಜಿದೆ. ಈ ಮುದಿ ವಯಸ್ಸಿನ್ಯಾಗ ನಿನ್ನ ಎಲ್ಲಿ ಕರಕೊಂಡು ಹೋಗಲಿ? ಪೂಜಿ ಮಾತ್ರ ತಪ್ಪಿಸಿಲ್ಲ." ಮತ್ತ ಕೇಳಿದ, "ಆಕಿದು?"

ಶರಣಬಸಮ್ಮ ಎದಿ ಮ್ಯಾಲ ಕೈ ಇಟಕೊಂಡಳು. "ಇಲ್ಲೈತಿ. ನಾನೂ ತಪ್ಪಿಸಿಲ್ಲ ರಿ."

ಸೂಗಪ್ಪ ಗೋಣ ಹಾಕಿದ. ದೀಪದ ಬತ್ತಿ ಸರಿಸಿದ. ಆಮ್ಯಾಲ ಎತ್ತಲೋ ನೋಡಕೋತ ಅಂದ, "ಬೇಸ್ತವಾರ ನಾ ಬರೋ ಬಸ್ಸಿನ್ಯಾಗಿಂದ ನೀವಿಬ್ಬರೂ ಕಾಣತೀರಿ. ಸೊರಗ್ಯಾಳ."

"ಹೌದ್ರಿ. ಸೊರಗ್ಯಾಳ."

ಒಳಗಿನ ಖೋಲ್ಯಾಗ ಮಂಚ ಕಿರಗುಟ್ಟಿತು. ಶಾಂತಪ್ಪ ಎದ್ದಿದ್ದ. ಚಿಲಕ ತಗದ ಸಪ್ಪಳ ಬಂತು. ಸೂಗಪ್ಪ ಲಿಂಗ ಎಲ್ಲಿ ಇಡಬೇಕು ತಿಳೀದ ಆ ಕಡೆ ಈ ಕಡೆ ನೋಡಿದ. ಶರಣಬಸಮ್ಮ ಎದ್ದು ಗಂಡನ ಮುಂದ ಅಡ್ಡ ನಿಂತು ಸೆರಗ ಅಗಲ ಮಾಡಿದಳು. ಆ ಸೆರಗಿನ ಮರ್ಯಾಗ ಅಂವ ಆಕಿ ಕೈ ಹುಡುಕಿ, ಲಿಂಗ ಇಟ್ಟು, ಬೆರಳು ಒಂದೊಂದಾಗಿ ಮಡಚಿದ.

"ಯಾರ ಜೋಡಿ ಮಾತಾಡಾಕತ್ತೀರಿ ಅಪ್ಪಾ ಇಷ್ಟೊತ್ತಿಗೆ?" ಅಂತ ಶಾಂತಪ್ಪ ಬಾಗಿಲಾಗ ನಿಂತು ಕೇಳಿದ.

"ಯಾರ ಜೋಡಿನೂ ಇಲ್ಲಪಾ," ಅಂದ ಸೂಗಪ್ಪ. ಮನಿ ಎಲ್ಲಾ ನಡಗಸತಿದ್ದ ಆ ದನಿ ಈಗ ತಾನ ನಡಗತಿತ್ತು.

ಶರಣಬಸಮ್ಮನ ಹೆಬ್ಬಟ್ಟು ಕುಳಿ ಹುಡಿಕ್ಯಾಡಿ ಅದರಾಗ ಕುಂತಿತು. "ತಡಿಯಪಾ, ಚಹಾ ಇಡತೀನಿ," ಅಂತ ಮಗಗ ಹೇಳಿ, ಮುಷ್ಟಿ ಬಿಚ್ಚದ ಅಡಗಿಮನಿ ಕಡೆ ನಡದಳು.